ಮೊಳೆಯಿಂದ ಇಳಿಸಿದ ಲೈಸೆನ್ಸು

ಹೋದ ನವೆಂಬರಲ್ಲಿ ಅಂಗಡಿಗೊಂದು ಕವರ್ ಬಂತು. ಪೋಸ್ಟ್‌ಮ್ಯಾನ್ ಸೈನ್ ಹಾಕಿಸ್ಕೊಂಡಾಗ್ಲೇ ಎದೆ ಡವಡವ, ಯಾಕಂದ್ರೆ 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್‌ನೋರಿಗೆಲ್ಲ ಜಿಎಸ್‌ಟಿ ನೋಟಿಸ್ ಹೋಗಿ ಗಲಾಟೆ ಆಗಿತ್ತಲ್ಲ, ನಂದೂ ಅದೇ ಇರ್ಬೇಕು ಅನ್ಕೊಂಡೆ. ಒಡೆದು ನೋಡಿದ್ರೆ ವೃತ್ತಿ ತೆರಿಗೆ. 2500 ರೂಪಾಯಿ ಬಾಕಿ ಇದೆ, ಬಡ್ಡಿ ಸೇರಿಸಿ ಕಟ್ಟಿ ಅಂತ.

ನಂದು ತಿಪಟೂರಲ್ಲಿ ಸಣ್ಣ ಹಾರ್ಡ್‌ವೇರ್ ಅಂಗಡಿ, ಅಪ್ಪ ಹಾಕಿದ್ದು. ಪೇಂಟ್ ಡೀಲರ್‌ಶಿಪ್‌ಗೆ ಬೇಕೇಬೇಕು ಅಂದ್ರು ಅಂತ ಜಿಎಸ್‌ಟಿ ನಂಬರ್ ಮಾಡಿಸಿದ್ದೆ, ಅದು ಬಂದಮೇಲೆ ವೃತ್ತಿ ತೆರಿಗೆಗೂ ಎನ್‌ರೋಲ್ ಆಗ್ಬೇಕು, ಏಪ್ರಿಲ್ 30ರೊಳಗೆ ದುಡ್ಡು ಕಟ್ಬೇಕು ಅಂತ ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ ಬಿಡಿ.

ನಂಗೆ ಸಿಟ್ಟು ಬಂದಿದ್ದೇ ಬೇರೆ ವಿಷ್ಯಕ್ಕೆ. ವರ್ಷವರ್ಷ ಅಂಗಡಿ ಲೈಸೆನ್ಸಿಗೆ ದುಡ್ಡು ಕಟ್ತಾ ಇದೀನಲ್ಲ, ಇನ್ನೆಂಥ ತೆರಿಗೆ? ಗೋಡೆ ಮೇಲೆ ಫ್ರೇಮ್ ಹಾಕ್ಸಿ ನೇತಾಕಿದ್ದ ಲೈಸೆನ್ಸನ್ನ ಮೊಳೆಯಿಂದ ಇಳಿಸ್ದೆ, ಹಿಂದಿಂದ ಒಂದು ಹಲ್ಲಿ ಸರ‍್ರನೆ ಓಡ್ತು, ಫ್ರೇಮ್ ಇದ್ದಷ್ಟು ಜಾಗ ಮಾತ್ರ ಗೋಡೆ ಹಳೇ ನೀಲಿ ಬಣ್ಣ ಉಳಿಸ್ಕೊಂಡಿತ್ತು. ನ್ಯೂಸ್‌ಪೇಪರಲ್ಲಿ ಸುತ್ಕೊಂಡು ಕಂಕುಳಲ್ಲಿ ಇಟ್ಕೊಂಡು ಸೀದಾ ತೆರಿಗೆ ಆಫೀಸಿಗೆ ಹೋದೆ.

ಅಲ್ಲಿದ್ದ ಮೇಡಮ್ಮು ಪೇಪರ್ ಬಿಚ್ಚಿ ನೋಡಿ ನಕ್ಕೇಬಿಟ್ರು. "ಇದು ನಗರಸಭೆದು ಯಜಮಾನ್ರೇ, ಈ ದುಡ್ಡು ಅವ್ರಿಗೋಗುತ್ತೆ. ನಾವು ಕೇಳ್ತಿರೋದು ರಾಜ್ಯ ಸರ್ಕಾರದ್ದು." ಅದು ವ್ಯಾಪಾರ ಮಾಡಕ್ಕೆ ಪರ್ಮಿಶನ್ನು, ಇದು ವ್ಯಾಪಾರದಿಂದ ಬದುಕ್ತಿರೋದಕ್ಕೆ ತೆರಿಗೆ ಅಂತೆ, 1976ರಿಂದ ಕಾನೂನಿದೆ. ಕ್ಯಾಲ್ಕುಲೇಟರ್ ತಗೊಂಡು ಮೇ ಇಂದ ನವೆಂಬರ್ ತನಕ ಏಳು ತಿಂಗಳು, ತಿಂಗಳಿಗೆ ಒಂದೂಕಾಲು ಪರ್ಸೆಂಟ್, 218 ರೂಪಾಯಿ 75 ಪೈಸೆ ಅಂದ್ರು. ಆ 75 ಪೈಸೆ ಕೇಳಿ ನಂಗೂ ನಗು ಬಂತು, ಸಿಟ್ಟು ಅಲ್ಲೇ ಇಳೀತು.

ರಾತ್ರಿ ಊಟಕ್ಕೆ ಕೂತಾಗ ನಮ್ಮನೆಯವ್ಳತ್ರ ಹೇಳ್ಕೊಂಡೆ. ಅವ್ಳು ಸ್ಕೂಲ್ ಟೀಚರ್ರು. "ರೀ, ನಂಗೆ ಸಂಬಳದಲ್ಲಿ ಇದೇ ತೆರಿಗೆ ಅಂತ ತಿಂಗ್ಳುತಿಂಗ್ಳೂ 200 ಹಿಡೀತಾರೆ, ನಾನೇನಾದ್ರೂ ನೋಟಿಸ್ ಬಂದಂಗೆ ಆಡ್ತೀನಾ?" ಅಂದ್ಲು. ಹನ್ನೆರಡು ಸಲ 200 ಅಂದ್ರೆ 2400 ಅಲ್ವಾ, ನನಗ್ಯಾಕೆ ನೂರು ಜಾಸ್ತಿ ಅಂದ್ರೆ, ಈ ವರ್ಷದಿಂದ ಫೆಬ್ರವರಿಲಿ 300 ಮಾಡಿದಾರೆ, ನಂದೂ 2500ಕ್ಕೆ ಬಂತು ಸುಮ್ನಿರಿ ಅಂತ ಅನ್ನ ಬಡಿಸಿದ್ಲು.

2500ಕ್ಕಿಂತ ಜಾಸ್ತಿ ಯಾಕಿಲ್ಲ ಅನ್ನೋದು ಆಮೇಲೆ ನಮ್ಮ ಆಡಿಟ್ರಿಂದ ಗೊತ್ತಾಗಿದ್ದು. ಸಂವಿಧಾನದ 276ನೇ ವಿಧಿಲೇ ಮಿತಿ ಹಾಕಿದಾರೆ, ಮೊದ್ಲು ವರ್ಷಕ್ಕೆ 250 ಇತ್ತು, 1988ರಲ್ಲಿ ತಿದ್ದುಪಡಿ ಮಾಡಿ 2500 ಮಾಡಿದ್ರು, ಅವತ್ತಿಂದ ಅಲ್ಲೇ ನಿಂತಿದೆ. 1988ರಲ್ಲಿ ನಾನು ಚಡ್ಡಿ ಹಾಕ್ಕೊಂಡು ಇದೇ ಅಂಗಡಿಲಿ ಮೊಳೆ ತೂಗ್ತಿದ್ದೆ, ಆಗ 2500 ಅಂದ್ರೆ ದೊಡ್ಡ ಗಂಟು. ಈಗ ದಿನಕ್ಕೆ ನೂರು ಪೇಷೆಂಟ್ ನೋಡೋ ಡಾಕ್ಟ್ರಿಗೂ ಅಷ್ಟೇ, ಲೋಡುಗಟ್ಲೆ ಕೊಬ್ಬರಿ ಕಳ್ಸೋ ಮಂಡಿಯವ್ರಿಗೂ ಅಷ್ಟೇ, ಅರ್ಧ ಕೆಜಿ ಮೊಳೆ ಮಾರೋ ನಂಗೂ ಅಷ್ಟೇ. ಇದ್ಯಾವ ನ್ಯಾಯನಪ್ಪ! ಬ್ರಾಂದಿ ಅಂಗಡಿಯವ್ರ ಕಥೆ ಬೇರೆ, ಅವ್ರದ್ದು ಅಬಕಾರಿ ಸನ್ನದು, ಅಂದ್ರೆ ಎಣ್ಣೆ ಮಾರೋ ಲೈಸೆನ್ಸು, ಜುಲೈನಿಂದ ಜೂನ್‌ಗೆ ವರ್ಷ, ಫೀಸು ಲಕ್ಷದ ಲೆಕ್ಕದಲ್ಲಿ. ನಮ್ಮಂಥೋರ 2500 ಎಷ್ಟು ಸೇರಿದ್ರೆ ಅದೊಂದು ಸನ್ನದಿಗೆ ಸಮ ಆಗುತ್ತೋ ಲೆಕ್ಕ ಹಾಕಕ್ಕೆ ಹೋಗ್ಲಿಲ್ಲ.

ದುಡ್ಡು ಕಟ್ಟಿ ಎನ್‌ರೋಲ್ಮೆಂಟ್ ಸರ್ಟಿಫಿಕೇಟ್ ಪ್ರಿಂಟ್ ತೆಗ್ಸಿ ಅದೇ ಮೊಳೆಗೆ, ಲೈಸೆನ್ಸ್ ಮೇಲೇನೇ ನೇತಾಕ್ದೆ. ಮಾರ್ಚಲ್ಲಿ ನಗರಸಭೆ ಹುಡುಗ ಚೆಕಿಂಗ್‌ಗೆ ಬಂದವ್ನು ಗೋಡೆ ನೋಡಿ, "ಏನ್ ಸಾರ್, ಟ್ರೇಡ್ ಲೈಸೆನ್ಸ್ ಇಲ್ವಾ?" ಅಂದ. ಸರ್ಟಿಫಿಕೇಟ್ ಎತ್ತಿ ಕೆಳಗಿಂದು ತೋರ್ಸಿದೆ. ರಿನ್ಯೂ ಮಾಡ್ಸೋದು ಮರ‍್ತಿದ್ದೆ.