ಎಡಗಡೆಯ ಉಪ್ಪಿನಕಾಯಿ

ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಬಂದ ಮೇಲೆ, ಒಂದು ಹಬ್ಬದ ದಿನ ನಮ್ಮ ಸೋದರಮಾವ ಊಟಕ್ಕೆ ಕೂತು ರೇಗಿದರು. "ಉಪ್ಪಿಲ್ಲ, ಉಪ್ಪಿನಕಾಯಿ ಇಲ್ಲ, ಕೋಸಂಬರಿನೂ ಬಡಿಸಿಲ್ಲ, ಏನು ಊಟ ಇದು?" ಎಲ್ಲಾ ಇತ್ತು. ಎಲೆಯ ಎಡಗಡೆ, ಯಾವಾಗಲೂ ಇರುವ ಜಾಗದಲ್ಲೇ ಇತ್ತು. ಅನ್ನವನ್ನೂ ಬಲಗಡೆಯ ಅರ್ಧ ಮಾತ್ರ ಉಂಡು, ಉಳಿದದ್ದನ್ನು ಗೆರೆ ಎಳೆದ ಹಾಗೆ ಬಿಟ್ಟಿದ್ದರು.

ಕಣ್ಣಿಗೇ ಏನೋ ಆಗಿದೆ ಅಂದುಕೊಂಡೆವು. ಕಣ್ಣು ಚೆನ್ನಾಗೇ ಇತ್ತು. ಪೆಟ್ಟಾಗಿದ್ದು ಮಿದುಳಿನ ಬಲಭಾಗದ ಪರೈಟಲ್ ಅನ್ನುವ ಜಾಗಕ್ಕೆ. ಡಾಕ್ಟರು ಗಡಿಯಾರದ ಚಿತ್ರ ಬರೆಯಿರಿ ಅಂದಾಗ ಮಾವ ಹನ್ನೆರಡೂ ಅಂಕಿಗಳನ್ನು ಬಲ ಅರ್ಧದಲ್ಲೇ ತುರುಕಿ, ಸರಿಯಾಗಿದೆ ಅಲ್ವಾ ಅಂತ ನಮ್ಮ ಮುಖ ನೋಡಿದರು. ಕಣ್ಣು ಕಂಡರೂ ಎಡಗಡೆ ಗಮನಕ್ಕೇ ಬಾರದ ಈ ತೊಂದರೆಗೆ ನೆಗ್ಲೆಕ್ಟ್ ಅನ್ನುತ್ತಾರೆ. ಮಿದುಳಿನ ಎಡಭಾಗ ಹೆಚ್ಚಾಗಿ ಬಲಗಡೆಯನ್ನಷ್ಟೇ ಗಮನಿಸುತ್ತದೆ, ಬಲಭಾಗ ಎರಡೂ ಕಡೆ ಗಮನಿಸುತ್ತದೆ ಅನ್ನುವುದು ಇದಕ್ಕೆ ಕೊಡುವ ಒಂದು ವಿವರಣೆ. ಅಂದರೆ ಬಲಭಾಗ ಕೆಟ್ಟರೆ ಎಡಗಡೆಗೆ ದಿಕ್ಕಿಲ್ಲ.

ಆಮೇಲೆ ನಾನು ಓದಿದ್ದರಲ್ಲಿ ತಲೆಗೆ ಹತ್ತಿಕೊಂಡಿದ್ದು ಇಟಲಿಯ ಬಿಸಿಯಾಕ್ ಮತ್ತು ಲುಟ್ಸಾಟ್ಟಿ 1978ರಲ್ಲಿ ಬರೆದ ಪ್ರಯೋಗ. ಇದೇ ತೊಂದರೆ ಇದ್ದ ಇಬ್ಬರು ಮಿಲಾನ್ ಊರಿನವರಿಗೆ, ನೀವು ಡುವೋಮೊ ಚರ್ಚಿನ ಚೌಕದಲ್ಲಿ ಚರ್ಚಿನ ಕಡೆ ಮುಖ ಮಾಡಿ ನಿಂತಿದ್ದೀರಿ ಅಂದುಕೊಳ್ಳಿ, ಏನೇನು ಕಾಣುತ್ತದೆ ಹೇಳಿ ಅಂದರು. ಅವರು ಹೆಚ್ಚಾಗಿ ಬಲಗಡೆಯ ಕಟ್ಟಡಗಳನ್ನೇ ಹೇಳಿದರು. ಈಗ ಚರ್ಚಿನ ಬಾಗಿಲಲ್ಲಿ ನಿಂತು ಈ ಕಡೆ ನೋಡಿ ಅಂದರೆ, ಅಷ್ಟು ಹೊತ್ತು ಬಿಟ್ಟಿದ್ದ ಕಟ್ಟಡಗಳೆಲ್ಲ ಬಾಯಿಗೆ ಬಂದವು, ಮೊದಲು ಹೇಳಿದ್ದವು ಮಾಯ! ನೆನಪು ಹೋಗಿರಲಿಲ್ಲ. ಮನಸ್ಸಿನೊಳಗಿನ ಊರಿಗೂ ಒಂದು ಎಡಗಡೆ ಇರುತ್ತದೆ, ಅದೂ ಬಿಟ್ಟುಹೋಗಿತ್ತು.

ನಮ್ಮ ಬೀದಿಯ ಮನೆಗಳನ್ನು ಹೇಳಿಸಿ ಮಾವನನ್ನೂ ಹೀಗೇ ನೋಡೋಣ ಅನ್ನಿಸಿತು. "ಅವರನ್ನೇನು ಪರೀಕ್ಷೆಗೆ ಕೂರಿಸಿದ್ದೀಯಾ, ಸುಮ್ನಿರು" ಅಂತ ಅತ್ತೆ ಬೈದರು. ಸರಿಯೇ. ಒಂದು ಕೆನ್ನೆ ಮಾತ್ರ ಶೇವ್ ಮಾಡಿಕೊಂಡು ಆಯಿತು ಅಂತ ಏಳುವವರನ್ನು ದಿನಾ ನೋಡುವುದು ಅವರು ತಾನೇ.

ಆ ಹಬ್ಬದ ದಿನ ಅತ್ತೆ ಮಾಡಿದ್ದು ಇಷ್ಟೇ. ಎಲೆಯನ್ನು ಪೂರ್ತಿ ತಿರುಗಿಸಿಟ್ಟರು. ಅಜ್ಜಿ "ತುದಿ ಎಡಕ್ಕೆ ಇರಬೇಕು ಕಣೇ" ಅಂತ ಗೊಣಗಿದರು. ಮಾವ ಎಲೆ ನೋಡಿ, "ಈಗ ಬಡಿಸಿದೆಯಾ" ಅಂದು ಉಪ್ಪಿನಕಾಯಿಗೆ ಕೈ ಹಾಕಿದರು.