ಡಾಕ್ಟರಿದ್ದಾರಲ್ಲ, ಮತ್ತೆ ಅವರು ಯಾಕೆ?

ಎಚ್‌ಐವಿ ತಡೆಯುವ ಕೆಲಸ ಮಾಡ್ತೀನಿ ಅಂದ ಕೂಡಲೇ ಕೇಳ್ತಾರೆ: ‘ಡಾಕ್ಟರಿದ್ದಾರೆ, ಮಾತ್ರೆ ಪುಕ್ಕಟೆ ಸಿಗುತ್ತೆ. ಆ ಹೆಂಗಸರನ್ನ ಯಾಕ್ರೀ ಕೆಲಸಕ್ಕೆ ಇಟ್ಕೊಳ್ತೀರಿ?’ ಆ ಹೆಂಗಸರು ಅಂದರೆ ಲೈಂಗಿಕ ಕಾರ್ಮಿಕರು.

ಮಾತ್ರೆ ಪುಕ್ಕಟೆ ನಿಜ. 2004ರ ಏಪ್ರಿಲ್‌ನಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿಯನ್ನ ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಕೊಡ್ತಿದ್ದಾರೆ. ಆದರೆ ಆ ಡಬ್ಬಿ ಬ್ಯಾಗಿನಲ್ಲಿ ಗಲಗಲ ಅನ್ನುತ್ತೆ. ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡ್ತಾರೆ, ಮನೆಯಲ್ಲಿ ಅತ್ತೆ ‘ಏನದು?’ ಅಂತಾರೆ. ಆ ಸದ್ದಿಗೆ ಹೆದರಿ ಮಾತ್ರೆ ಬಿಟ್ಟವರಿದ್ದಾರೆ. ‘ಒಳಗೆ ಸ್ವಲ್ಪ ಹತ್ತಿ ತುರುಕು ಕಣೆ, ಸದ್ದು ಬರಲ್ಲ’ ಅಂತ ಹೇಳಿಕೊಡೋದು ತಾನೂ ಅದೇ ಮಾತ್ರೆ ನುಂಗುವ ಇನ್ನೊಬ್ಬಾಕೆ. ಡಾಕ್ಟರಿಗೆ ಇದು ಹೊಳೆಯೋದೇ ಇಲ್ಲ. ಪಾಪ, ಅವರ ಮುಂದೆ ಸಾಲು ಉದ್ದ.

ತಡೆಗಟ್ಟುವ ಕೆಲಸವಂತೂ ಈ ಹೆಂಗಸರಿಲ್ಲದೆ ಒಂದು ಹೆಜ್ಜೆ ಮುಂದೆ ಹೋಗಲ್ಲ. ಕೊಲ್ಕತ್ತದ ಸೋನಾಗಾಚಿಯ ಥರ ಮೈಸೂರಿನಲ್ಲಿ ಲೈಂಗಿಕ ವೃತ್ತಿಯದ್ದೇ ದೊಡ್ಡದೊಂದು ಕೇರಿ ಇಲ್ಲ. ಬಸ್ ಸ್ಟ್ಯಾಂಡು, ಲಾಡ್ಜು, ಬಾಡಿಗೆ ಮನೆ, ಈಗೀಗ ಬರೀ ಮೊಬೈಲು. ಯಾರು ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಗಿರಾಕಿ ಕುಡಿದು ಬಂದು ಕಾಂಡೋಮ್ ಬೇಡ ಅಂತಾನೆ, ಇದು ಗೊತ್ತಿರೋದು ಅವರಿಗೇ. ಲೈಂಗಿಕ ಕಾರ್ಮಿಕರೇ ನಡೆಸುವ ಆಶೋದಯ ಸಮಿತಿ ಅಲ್ಲಿ ಬೆಳೆದದ್ದು ಇದೇ ತಿಳಿವಳಿಕೆಯ ಮೇಲೆ. ಸೋಂಕು ತಗಲದಂತೆ ಮೊದಲೇ ನುಂಗುವ ಪ್ರೆಪ್ ಮಾತ್ರೆಯನ್ನು ನಮ್ಮ ದೇಶದಲ್ಲಿ ಪ್ರಯೋಗವಾಗಿ ಕೊಟ್ಟಾಗಲೂ ಹೊಣೆ ಹೊತ್ತದ್ದು ಆಶೋದಯ ಮತ್ತು ಕೊಲ್ಕತ್ತದ ಲೈಂಗಿಕ ಕಾರ್ಮಿಕರ ಸಂಘಟನೆ ದುರ್ಬಾರ್. ‘ಇದು ನುಂಗಿದರೆ ನನಗೂ ರೋಗ ಇದೆ ಅಂದ್ಕೋತಾರೆ’ ಅನ್ನೋ ಭಯಕ್ಕೆ ಉತ್ತರ ಕೊಡೋದು ಬಿಳಿ ಕೋಟಿನ ಕೆಲಸವಲ್ಲ.

ಇನ್ನು ಪೊಲೀಸರು. ಪರ್ಸಿನಲ್ಲಿ ಕಾಂಡೋಮ್ ಕಂಡರೆ ಅದನ್ನೇ ಸಾಕ್ಷಿ ಮಾಡಿ ಸ್ಟೇಷನ್ನಿಗೆ ಎಳೆದೊಯ್ಯುವಾಗ, ‘ತಪ್ಪದೇ ಕಾಂಡೋಮ್ ಬಳಸಿ’ ಅನ್ನೋ ಪೋಸ್ಟರಿಗೆ ಏನು ಅರ್ಥ? ಅದನ್ನು ಅಪರಾಧಕ್ಕೆ ಸಾಕ್ಷಿ ಅಂತ ನೋಡಬಾರದು ಅನ್ನೋ ಮಾತು ಸುಪ್ರೀಂ ಕೋರ್ಟ್ ಆದೇಶದಲ್ಲಿ ಬರೋಕೆ 2022ರ ಮೇ ತನಕ ಕಾಯಬೇಕಾಯಿತು. ಅಲ್ಲಿಯವರೆಗೆ ರಾತ್ರೋರಾತ್ರಿ ಸ್ಟೇಷನ್ನಿಗೆ ಹೋಗಿ ಜಗಳವಾಡಿ ಬಿಡಿಸಿಕೊಂಡು ಬಂದವರೂ ಇದೇ ಹೆಂಗಸರು. ನನ್ನ ಲೆಕ್ಕದಲ್ಲಿ ಅದೂ ಎಚ್‌ಐವಿ ತಡೆಯೇ.

ಹಾಗಾಗಿ ನನ್ನ ತಕರಾರು ಬೇರೆಯೇ ಇದೆ. ನರ್ಸಮ್ಮನಿಗೆ ಸಂಬಳ ಅಂತೀವಿ, ಇವರಿಗೆ ಮಾತ್ರ ‘ಗೌರವಧನ’. ಆ ದುಡ್ಡಲ್ಲಿ ತಿಂಗಳ ದಿನಸಿಯೂ ಸರಿಯಾಗಿ ಬರಲ್ಲ. ಯಾಕೆ ಇಟ್ಕೊಳ್ತೀರಿ ಅಂತ ಕೇಳೋರು, ಎಷ್ಟು ಕೊಡ್ತೀರಿ ಅಂತಲೂ ಒಮ್ಮೆ ಕೇಳಿ ನೋಡಿ.