ಹೆಸರಿಲ್ಲದ ಆ ಒಂದು ಸಾಲು: ಮನೆಯ ರೌಟರ್ ಜೊತೆ ಎರಡು ವಾರ

ಮೊದಲ ಶನಿವಾರ

"ಅಕ್ಕಾ, ನಮ್ಮ ವೈಫೈಗೆ ಒಟ್ಟು ಎಷ್ಟು ಕನೆಕ್ಟ್ ಆಗಿವೆ?" ಅಂತ ತಂಗಿ ಕೇಳಿದಳು. ವಿಡಿಯೋ ಕಾಲ್ ಮತ್ತೆ ಮತ್ತೆ ನಿಲ್ಲುತ್ತಿತ್ತು, ಅದಕ್ಕೆ ಕೇಳಿದ್ದು. ನನಗೆ ಉತ್ತರ ಗೊತ್ತಿರಲಿಲ್ಲ. ನಮ್ಮ ರೌಟರ್ ಅಂದರೆ ಮೂರು ವರ್ಷದಿಂದ ಕಪಾಟಿನ ಮೇಲೆ ಕೂತಿರುವ ಪೆಟ್ಟಿಗೆ. ಮನೆಯವರೆಲ್ಲರ ಬ್ಯಾಂಕ್ ವ್ಯವಹಾರ, ಫೋಟೋ, ಆಫೀಸ್ ಕೆಲಸ ಎಲ್ಲ ಅದರೊಳಗೇ ಹಾದು ಹೋಗುತ್ತದೆ. ಅದಕ್ಕೆ ಯಾರು ಯಾರು ಅಂಟಿಕೊಂಡಿದ್ದಾರೆ ಅಂತ ಗೊತ್ತಿಲ್ಲ ಅಂದರೆ ಮನಸ್ಸಿಗೆ ಸರಿ ಬರಲಿಲ್ಲ. ಇವತ್ತೇ ಕೂತೆ.

ಬ್ರೌಸರ್‌ನಲ್ಲಿ ರೌಟರ್‌ನ ಸೆಟ್ಟಿಂಗ್ ಪುಟದ ವಿಳಾಸ 192.168.1.1 ಹಾಕಿದೆ. ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಒಳಗೆ ಬಿಟ್ಟಿತು. ಮೂರು ವರ್ಷ ಹೀಗೇ ಇತ್ತು.

ಇದು ಸಣ್ಣ ವಿಷಯ ಅಲ್ಲ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳನ್ನು ಹಿಡಿದುಕೊಂಡಿತ್ತು. ಅದರ ಕೈಯಲ್ಲಿದ್ದದ್ದು ಫ್ಯಾಕ್ಟರಿಯಿಂದಲೇ ಬರುವ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ, ಅಷ್ಟೇ. ಒಂದಾದ ಮೇಲೆ ಒಂದು ಹಾಕಿ ನೋಡುವುದು, ಬಾಗಿಲು ತೆರೆದರೆ ಒಳಗೆ ಹೋಗುವುದು. ನಮ್ಮ ಜೋಡಿಯೂ ಆ ಪಟ್ಟಿಯಲ್ಲಿತ್ತು.

ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆ. ಹೊರಗಿನಿಂದ ರೌಟರ್ ನಿರ್ವಹಿಸುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಇದೆಯಾ ನೋಡಿದೆ, ಇತ್ತು. ಡಿಎನ್‌ಎಸ್ ವಿಳಾಸಗಳನ್ನೂ, ಅಂದರೆ ಸೈಟಿನ ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸಿಕೊಡುವ ಸರ್ವರ್‌ಗಳು ಯಾವುವು ಅಂತಲೂ, ನೋಡಿದೆ. ರೌಟರ್‌ಗೆ ನುಗ್ಗಿದವರು ಮೊದಲು ಕೈ ಹಾಕುವ ಜಾಗಗಳಲ್ಲಿ ಅದೂ ಒಂದು. ಅಲ್ಲಿ ಬೇರೆ ವಿಳಾಸ ಕೂರಿಸಿದರೆ ನಾವು ಸರಿಯಾದ ಹೆಸರು ಟೈಪ್ ಮಾಡಿದರೂ ನಕಲಿ ಸೈಟಿಗೆ ಹೋಗಬಹುದು. ನಮ್ಮದರಲ್ಲಿ ಇಂಟರ್ನೆಟ್ ಕಂಪನಿ ಕೊಟ್ಟ ವಿಳಾಸಗಳೇ ಇದ್ದವು. ಆಮೇಲೆ ಪ್ರತಿಯೊಂದು ಸೆಟ್ಟಿಂಗ್ ಪುಟದ ಫೋಟೋ ತೆಗೆದಿಟ್ಟುಕೊಂಡೆ.

ಕೊನೆಗೆ ನಮ್ಮ ವೈಫೈಗೆ ಸೇರಿದ ಸಾಧನಗಳ ಪಟ್ಟಿ ತೆರೆದೆ. ಹದಿನೇಳು ಸಾಲು. ನಾವು ಮನೆಯಲ್ಲಿರುವುದು ನಾಲ್ಕೇ ಜನ. ನೋಟ್‌ಬುಕ್‌ನಲ್ಲಿ ಹದಿನೇಳನ್ನೂ ಬರೆದುಕೊಂಡು ಗೊತ್ತಿರುವುದಕ್ಕೆಲ್ಲ ಟಿಕ್ ಹಾಕಿದೆ. ಫೋನ್ ನಾಲ್ಕು, ಲ್ಯಾಪ್‌ಟಾಪ್ ಎರಡು, ಟ್ಯಾಬ್ಲೆಟ್, ಟಿವಿ, ಪ್ರಿಂಟರ್, ಕ್ಯಾಮೆರಾ, ಸ್ಮಾರ್ಟ್ ಬಲ್ಬ್ ಒಂದು. ಹನ್ನೊಂದಾಯಿತು. ಉಳಿದದ್ದು ಆರು.

ಭಾನುವಾರ

ಆರರಲ್ಲಿ ನಾಲ್ಕು ಒಂದೇ ಬಾರಿಗೆ ಬಗೆಹರಿದವು. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಪಟ್ಟಿ ನೋಡಿದವರೆಲ್ಲ ಇಲ್ಲೇ ಗಾಬರಿಯಾಗುತ್ತಾರೆ.

ಪ್ರತಿ ಸಾಧನಕ್ಕೂ ಒಂದು ಮ್ಯಾಕ್ ವಿಳಾಸ ಇರುತ್ತದೆ. ಎರಡೆರಡು ಅಕ್ಷರದ ಆರು ಜೋಡಿ. ಮೊದಲ ಮೂರು ಜೋಡಿಯಿಂದ ಸಾಮಾನ್ಯವಾಗಿ ತಯಾರಕರು ಯಾರು ಅಂತ ಹುಡುಕಬಹುದು. ಆದರೆ ಈಗಿನ ಫೋನ್‌ಗಳು ತಮ್ಮ ನಿಜವಾದ ವಿಳಾಸ ಕೊಡುವುದಿಲ್ಲ. ಒಂದೊಂದು ವೈಫೈ ಹೆಸರಿಗೆ ಒಂದೊಂದು ಕಲ್ಪಿತ ವಿಳಾಸ ಮಾಡಿಕೊಳ್ಳುತ್ತವೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಹೀಗೆ. ಅಂಥ ವಿಳಾಸವನ್ನು ಗುರುತಿಸುವುದು ಸುಲಭ. ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಫ್ಯಾಕ್ಟರಿಯ ವಿಳಾಸ ಅಲ್ಲ.

ನಮ್ಮ ನಾಲ್ಕು ಸಾಲುಗಳಲ್ಲೂ ಎರಡನೇ ಅಕ್ಷರ ಇವುಗಳಲ್ಲೇ ಒಂದು. ನಮ್ಮ ರೌಟರ್ 2.4 ಗಿಗಾಹರ್ಟ್ಸ್‌ಗೆ ಒಂದು ಹೆಸರು, 5 ಗಿಗಾಹರ್ಟ್ಸ್‌ಗೆ ಇನ್ನೊಂದು ಹೆಸರು ಕೊಟ್ಟಿತ್ತು. ಫೋನ್‌ಗಳು ಮನೆಯೊಳಗೆ ಓಡಾಡುವಾಗ ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಸೇರುತ್ತಿದ್ದವು. ಹಾಗಾಗಿ ನಾಲ್ಕು ಫೋನು ಎಂಟು ಸಾಲಾಗಿ ಕಾಣುತ್ತಿತ್ತು. ಒಂದೊಂದೇ ಫೋನಿನ ವೈಫೈ ಸೆಟ್ಟಿಂಗ್ ತೆಗೆದು ತಾಳೆ ನೋಡಿದೆ. ನಾಲ್ಕೂ ಸರಿಹೋದವು.

ಉಳಿದದ್ದು ಎರಡು.

ಸೋಮವಾರ

ಒಂದು ಸಿಕ್ಕಿತು, ಅಂಗಳದ ದೀಪದ ಸ್ಮಾರ್ಟ್ ಬಲ್ಬ್. ಇನ್ನೊಂದರ ಹೆಸರಿನ ಜಾಗ ಖಾಲಿ. ಮ್ಯಾಕ್ ಹುಡುಕಿದರೆ ಎಸ್ಪ್ರೆಸಿಫ್ ಅನ್ನುವ ಕಂಪನಿಯ ಚಿಪ್ ಅಂತ ಬಂತು. ಆ ಚಿಪ್ ಬಲ್ಬ್, ಪ್ಲಗ್, ಸೆನ್ಸರ್ ಹೀಗೆ ನೂರೆಂಟು ಸಾಮಾನಿನಲ್ಲಿ ಇರುತ್ತದೆ. ಅಷ್ಟರಿಂದ ಏನೂ ಗೊತ್ತಾಗುವುದಿಲ್ಲ.

"ವೈಫೈ ಪಾಸ್‌ವರ್ಡ್ ಬದಲಿಸಿಬಿಡು, ತಾನಾಗೇ ಹೋಗುತ್ತೆ" ಅಂದಳು ತಂಗಿ. ಹೋಗುತ್ತದೆ, ನಿಜ. ಆದರೆ ಅದು ಏನಾಗಿತ್ತು ಅಂತ ಆಮೇಲೆ ಯಾವತ್ತೂ ಗೊತ್ತಾಗುವುದಿಲ್ಲ. ಹೊರಗಿನವರದ್ದಾಗಿದ್ದರೆ ಹಳೆ ಪಾಸ್‌ವರ್ಡ್ ಅವರಿಗೆ ಹೇಗೆ ಸಿಕ್ಕಿತು ಅನ್ನುವುದು ನನಗೆ ಬೇಕು. ವಾರದ ಕೊನೆಯವರೆಗೆ ಹುಡುಕುತ್ತೇನೆ, ಸಿಗದಿದ್ದರೆ ಬದಲಿಸುತ್ತೇನೆ ಅಂತ ಹೇಳಿದೆ.

ಮೊದಲು ಕಂಡ ಕಂಡ ಸಾಮಾನಿನ ಪ್ಲಗ್ ಕೀಳುತ್ತಾ ಪಟ್ಟಿ ನೋಡಿದೆ. ಏನು ಕಿತ್ತರೂ ಆ ಸಾಲು ಜಪ್ಪಯ್ಯ ಅನ್ನಲಿಲ್ಲ. ಒಂದು ಗಂಟೆ ಹೀಗೇ ಹೋಯಿತು. ಆಮೇಲೆ ಹೊಳೆಯಿತು. ನಾನು ನೋಡುತ್ತಿದ್ದದ್ದು ಡಿಎಚ್‌ಸಿಪಿ ಪಟ್ಟಿ, ಅಂದರೆ ರೌಟರ್ ಯಾವ ಸಾಧನಕ್ಕೆ ಯಾವ ನೆಟ್‌ವರ್ಕ್ ವಿಳಾಸ ಹಂಚಿದೆ ಅನ್ನುವ ಪಟ್ಟಿ. ರೌಟರ್ ಒಂದು ವಿಳಾಸ ಕೊಟ್ಟರೆ ಅದನ್ನು ಇಷ್ಟು ಹೊತ್ತು ಅಂತ ಕಾಯ್ದಿಟ್ಟಿರುತ್ತದೆ. ನಮ್ಮದರಲ್ಲಿ ಅದು 86400 ಸೆಕೆಂಡು, ಅಂದರೆ ಒಂದು ಇಡೀ ದಿನ. ಸಾಧನ ಆಫ್ ಆದರೂ ಸಾಲು ಅಲ್ಲೇ ಇರುತ್ತದೆ. ಈಗ, ಈ ಕ್ಷಣಕ್ಕೆ ಯಾರಿದ್ದಾರೆ ಅಂತ ನೋಡಲು ವೈರ್‌ಲೆಸ್ ಸ್ಟೇಟಸ್ ಅನ್ನುವ ಬೇರೆ ಪುಟ ಇದೆ.

ಮಂಗಳವಾರ ರಾತ್ರಿ

ಆ ಪುಟದಲ್ಲಿ ಸಿಗ್ನಲ್ ಎಷ್ಟಿದೆ ಅಂತಲೂ ಬರುತ್ತದೆ. ನಮ್ಮ ಅನಾಮಿಕನದ್ದು ಮೈನಸ್ 74 ಡಿಬಿಎಂ. ಡಿಬಿಎಂ ಅಂದರೆ ಸಿಗ್ನಲ್ ಅಳೆಯುವ ಮಾನ, ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು. ನನ್ನ ಫೋನ್ ರೌಟರ್ ಪಕ್ಕದಲ್ಲಿ ಇಟ್ಟರೆ ಮೈನಸ್ 38. ಅಂದರೆ ಆ ಸಾಧನ ದೂರದಲ್ಲಿದೆ, ಅಥವಾ ನಡುವೆ ಗೋಡೆಗಳಿವೆ.

ಫೋನ್ ಹಿಡಿದು ಕೋಣೆ ಕೋಣೆ ಸುತ್ತಿದೆ, ತಂಗಿ ಲ್ಯಾಪ್‌ಟಾಪ್ ಮುಂದೆ ಕೂತು ಅಂಕಿ ಓದಿದಳು. ಹಾಲ್‌ನಲ್ಲಿ 45. ಅಡುಗೆಮನೆಯಲ್ಲಿ 56. ಮಹಡಿಯ ಹಿಂದಿನ ಕೋಣೆಗೆ ಹೋದಾಗ "ಎಪ್ಪತ್ತೆರಡು, ಎಪ್ಪತ್ಮೂರು" ಅಂತ ಕೆಳಗಿನಿಂದ ಕೂಗಿದಳು. ಫೋನಿನ ಆಂಟೆನಾ ಬೇರೆ, ಆ ಸಾಧನದ ಆಂಟೆನಾ ಬೇರೆ. ಹಾಗಾಗಿ ಇದು ಬರೀ ಅಂದಾಜು. ಆದರೂ ದಿಕ್ಕು ಸಿಕ್ಕಿತು. ಒಂದೇ ಚಿಂತೆ ಅಂದರೆ, ಆ ಕೋಣೆಯ ಗೋಡೆ ದಾಟಿದರೆ ಪಕ್ಕದ ಮನೆ.

ಬುಧವಾರ

ಸಾಧನ ನಮ್ಮ ಮನೆಯದ್ದೋ ಪಕ್ಕದ್ದೋ ಅಂತ ತಿಳಿಯಲು ಒಂದು ದಾರಿ ಹೊಳೆಯಿತು. ರೌಟರ್ ಕೆಳಗಿದೆ. ಮಹಡಿಗೆ ಬೇರೆಯೇ ಎಂಸಿಬಿ ಇದೆ.

"ಅಪ್ಪಾ, ಮೇಲಿನ ಕರೆಂಟ್ ಐದು ನಿಮಿಷ ತೆಗೀತೀನಿ" ಅಂತ ಹೇಳಿ ಸ್ವಿಚ್ ಇಳಿಸಿದೆ. ಪುಟ ರಿಫ್ರೆಶ್ ಮಾಡಿದೆ. ಸಾಲು ಇತ್ತು. ಇನ್ನೊಮ್ಮೆ ಮಾಡಿದೆ. ಇಲ್ಲ! ಎಂಸಿಬಿ ಎತ್ತಿದ ಮೇಲೆ ಅರ್ಧ ನಿಮಿಷದಲ್ಲಿ ಮತ್ತೆ ಬಂತು. ಎರಡು ಸಲ ಮಾಡಿ ಖಾತ್ರಿ ಮಾಡಿಕೊಂಡೆ. ನಮ್ಮ ಕರೆಂಟಿನಲ್ಲೇ ಓಡುತ್ತಿದೆ, ನಮ್ಮ ಮನೆಯದ್ದೇ. ಎರಡು ದಿನದಿಂದ ಹೊಟ್ಟೆಯಲ್ಲಿದ್ದ ಕಸಿವಿಸಿ ಆ ಹೊತ್ತಿಗೆ ಇಳಿಯಿತು.

ಮಹಡಿಯ ಹಿಂದಿನ ಕೋಣೆಯ ಪುಸ್ತಕದ ಕಪಾಟು ಎಳೆದೆ. ಹಿಂದೆ ಗೋಡೆಯ ಸಾಕೆಟ್‌ನಲ್ಲಿ ಒಂದು ಸ್ಮಾರ್ಟ್ ಪ್ಲಗ್. ಮೈ ಮೇಲೆಲ್ಲ ಧೂಳು, ಸಣ್ಣ ನೀಲಿ ದೀಪ ಉರಿಯುತ್ತಿದೆ. ಟೇಬಲ್ ಲ್ಯಾಂಪಿಗೆ ಅಂತ ಹಾಕಿದ್ದು. ಲ್ಯಾಂಪ್ ಹಾಳಾಗಿ ಹೋಗಿ ಎಷ್ಟೋ ಕಾಲ ಆಯಿತು. ಪ್ಲಗ್ ಮಾತ್ರ ಅಲ್ಲೇ ಇದ್ದುಕೊಂಡು ಹಗಲೂ ರಾತ್ರಿ ನಮ್ಮ ವೈಫೈಗೆ ಸೇರಿಕೊಂಡಿತ್ತು. ಅದರ ಆಪ್ ಈಗ ಯಾರ ಫೋನಿನಲ್ಲೂ ಇಲ್ಲ. ಕಿತ್ತು ಡ್ರಾಯರ್‌ಗೆ ಹಾಕಿದೆ.

ಗುರುವಾರ

ಎಲ್ಲ ಸಾಲೂ ಗೊತ್ತಾದ ಮೇಲೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಆದರೆ ಈ ವಾರ ಸಿಕ್ಕಿದ್ದರಲ್ಲಿ ನಿಜವಾದ ತೂತು ಇವತ್ತಿನದು. ಅದೂ ಟಿಕ್ ಹಾಕಿದ್ದ ಸಾಲಿನಲ್ಲೇ.

ಯುಪಿಎನ್‌ಪಿ ಅಂತ ಒಂದು ಸೌಲಭ್ಯ ಇದೆ. ಮನೆಯೊಳಗಿನ ಯಾವ ಸಾಧನ ಬೇಕಾದರೂ "ನನಗೆ ಹೊರಗಿನಿಂದ ಒಂದು ಪೋರ್ಟ್, ಅಂದರೆ ಒಳಬರುವ ಬಾಗಿಲು, ತೆರೆ" ಅಂತ ರೌಟರ್‌ಗೆ ಕೇಳಬಹುದು. ಸಾಮಾನ್ಯವಾಗಿ ರೌಟರ್ ಪಾಸ್‌ವರ್ಡ್ ಕೇಳುವುದಿಲ್ಲ, ನಮ್ಮನ್ನೂ ಕೇಳುವುದಿಲ್ಲ, ತೆರೆದುಬಿಡುತ್ತದೆ. ಆಟದ ಕನ್ಸೋಲ್‌ಗಳಿಗೆ ಅನುಕೂಲ. ನಮ್ಮ ಮನೆಯಲ್ಲಿ ಕನ್ಸೋಲ್ ಇಲ್ಲ, ಆದರೂ ಆನ್ ಇತ್ತು. ಅದರ ಪುಟದಲ್ಲಿ ಒಂದೇ ಒಂದು ಸಾಲು: ಹೊರಗಿನಿಂದ 554, ಒಳಗೆ ಕ್ಯಾಮೆರಾದ 554. ಅದು ಆರ್‌ಟಿಎಸ್‌ಪಿ, ಅಂದರೆ ವಿಡಿಯೋ ಹರಿಯುವ ಪೋರ್ಟ್.

ನಿಜವಾಗಿಯೂ ಹೊರಗಿನವರಿಗೆ ಅದು ಸಿಗುತ್ತಿತ್ತಾ? ಎಷ್ಟೋ ಕಡೆ ಇಂಟರ್ನೆಟ್ ಕಂಪನಿಗಳು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತವೆ. ರೌಟರ್‌ನ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾದರೆ ಹಾಗೆ ಅಂತ ಅರ್ಥ. ಆಗ ಹೊರಗಿನಿಂದ ನೇರವಾಗಿ ಬರಲು ಆಗುವುದಿಲ್ಲ. ನಮ್ಮ ರೌಟರ್ ತೋರಿಸಿದ ವಿಳಾಸವೂ ಹೊರಗಿನ ಸೈಟ್ ತೋರಿಸಿದ ವಿಳಾಸವೂ ಒಂದೇ. ಅಂದರೆ ನಮಗೆ ಹಂಚಿಕೆ ಇಲ್ಲ. ತಂಗಿಯ ಫೋನಿನ ಮೊಬೈಲ್ ಡೇಟಾಗೆ ಲ್ಯಾಪ್‌ಟಾಪ್ ಜೋಡಿಸಿ, ಪ್ಲೇಯರ್‌ನಲ್ಲಿ ನಮ್ಮ ವಿಳಾಸ ಹಾಕಿದೆ. ಕ್ಯಾಮೆರಾ ಪಾಸ್‌ವರ್ಡ್ ಕೇಳಿತು. ಅದು ಫ್ಯಾಕ್ಟರಿ ಪಾಸ್‌ವರ್ಡೇ. ಹಾಕಿದೆ. ನಮ್ಮ ಬಾಗಿಲ ಮುಂದಿನ ಜಾಗ, ಅಪ್ಪನ ಚಪ್ಪಲಿ, ಎಲ್ಲ ಕಂಡಿತು.

ಸುಮ್ನೆ ಕೂತು ಐದು ನಿಮಿಷ ಅದನ್ನೇ ನೋಡಿದೆ. ಆಮೇಲೆ ಯುಪಿಎನ್‌ಪಿ ಆಫ್ ಮಾಡಿದೆ, ಕ್ಯಾಮೆರಾ ಪಾಸ್‌ವರ್ಡ್ ಬದಲಿಸಿದೆ, ಮತ್ತೆ ಹೊರಗಿನಿಂದ ಪ್ರಯತ್ನಿಸಿದೆ. ಬರಲಿಲ್ಲ. ಆಪ್‌ನಲ್ಲಿ ಕ್ಯಾಮೆರಾ ಈಗಲೂ ಕಾಣುತ್ತದೆ, ಅದು ಕಂಪನಿಯ ಸರ್ವರ್ ಮೂಲಕ ಬರುತ್ತದೆ. ಹಾಗಾದರೆ ಆ ಪೋರ್ಟ್ ನಮಗೆ ಬೇಕೇ ಇರಲಿಲ್ಲ.

ಎರಡನೇ ಶನಿವಾರ

ಫರ್ಮ್‌ವೇರ್, ಅಂದರೆ ರೌಟರ್ ಒಳಗಿನ ಸಾಫ್ಟ್‌ವೇರ್, ಅದರ ಅಪ್‌ಡೇಟ್. ತಯಾರಕರ ಸೈಟಿನಿಂದಲೇ ಫೈಲ್ ಇಳಿಸಿ, ಮಾಡೆಲ್ ನಂಬರ್ ಜೊತೆ ಹಾರ್ಡ್‌ವೇರ್ ವರ್ಷನ್ನೂ ತಾಳೆ ನೋಡಿ ಹಾಕಿದೆ. ವೈಫೈನಲ್ಲಿ ಅಲ್ಲ, ಕೇಬಲ್ ಹಾಕಿ.

ಅಪ್‌ಡೇಟ್ ಆಯಿತು, ಆದರೆ ವೈರ್‌ಲೆಸ್ ಪುಟಗಳು ಖಾಲಿ ಬರತೊಡಗಿದವು. ಹಳೆ ಬ್ಯಾಕಪ್ ಫೈಲನ್ನು ಹೊಸ ಫರ್ಮ್‌ವೇರ್ ಒಪ್ಪಲಿಲ್ಲ. ಫ್ಯಾಕ್ಟರಿ ರೀಸೆಟ್ ಮಾಡದೆ ಬೇರೆ ದಾರಿ ಇರಲಿಲ್ಲ. ಮಾಡಿದೆ. ಪುಟಗಳು ಸರಿಯಾದವು, ನೆಟ್ ಹೋಯಿತು. ಇಂಟರ್ನೆಟ್ ಕಂಪನಿಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಎರಡನ್ನೂ ಮತ್ತೆ ಕೊಡಬೇಕು. ನನ್ನ ಹತ್ತಿರ ಫೋಟೋ ಇದೆಯಲ್ಲ ಅಂತ ತೆಗೆದರೆ ಯೂಸರ್‌ನೇಮ್ ಇದೆ, ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕಿಗಳು.

ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಹೊಸ ಪಾಸ್‌ವರ್ಡ್ ಪಡೆಯುವಷ್ಟರಲ್ಲಿ ಸಂಜೆ ಆಯಿತು. ಯಾರಾದರೂ ಇದನ್ನು ಓದಿ ರೀಸೆಟ್ ಮಾಡುವುದಾದರೆ, ದಯವಿಟ್ಟು ಆ ಪಾಸ್‌ವರ್ಡ್ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಎರಡನೇ ಭಾನುವಾರ

ಹೇಗೂ ಎಲ್ಲ ಹೊಸದು, ಆದ್ದರಿಂದ ವೈಫೈ ಕೆಲಸವೂ ಇವತ್ತೇ. ಎರಡೂ ಬ್ಯಾಂಡಿಗೆ ಒಂದೇ ಹೆಸರು ಕೊಟ್ಟೆ. ಅದರಲ್ಲಿ ಮಾಡೆಲ್ ನಂಬರೂ ಇಲ್ಲ, ನಮ್ಮ ಹೆಸರೂ ಇಲ್ಲ. ಹೆಸರು ಬಚ್ಚಿಡುವ ಆಯ್ಕೆ ಇದೆ, ಅದನ್ನು ಮುಟ್ಟಲಿಲ್ಲ. ಬಚ್ಚಿಟ್ಟರೆ ಫೋನ್‌ಗಳೇ ಹೋದಲ್ಲೆಲ್ಲ ಆ ಹೆಸರು ಕೂಗಿ ಹುಡುಕಬೇಕಾಗುತ್ತದೆ.

ಡಬ್ಲ್ಯೂಪಿಎಸ್ ಆಫ್. ಪಾಸ್‌ವರ್ಡ್ ಬದಲು ಬಟನ್ ಒತ್ತಿ ಅಥವಾ ಪಿನ್ ಹಾಕಿ ವೈಫೈಗೆ ಸೇರುವ ಸೌಲಭ್ಯ ಅದು. ಅದರ ಪಿನ್ ಎಂಟು ಅಂಕಿ, ಕೇಳಲು ದೊಡ್ಡದು. ಆದರೆ ಕೊನೆಯ ಅಂಕಿ ಉಳಿದ ಏಳರ ಲೆಕ್ಕದಿಂದ ಬರುತ್ತದೆ. ಆ ಏಳನ್ನೂ ರೌಟರ್ ಎರಡು ತುಂಡಾಗಿ ಪರೀಕ್ಷಿಸುತ್ತದೆ, ಮೊದಲು ನಾಲ್ಕು, ಆಮೇಲೆ ಮೂರು. 10,000 ಮತ್ತು 1,000, ಕೂಡಿದರೆ 11,000 ಪ್ರಯತ್ನ. ಕಂಪ್ಯೂಟರಿಗೆ ಅದು ಲೆಕ್ಕಕ್ಕೇ ಇಲ್ಲ. ಇದು 2011ರಲ್ಲೇ ಬಯಲಾದ ವಿಷಯ.

ಪಾಸ್‌ವರ್ಡ್‌ಗೆ ಒಂದಕ್ಕೊಂದು ಸಂಬಂಧ ಇಲ್ಲದ ಐದು ಪದ ಆರಿಸಿದೆ. ವೈಫೈ ರಕ್ಷಣೆಯ ಹಳೆ ಪದ್ಧತಿ ಡಬ್ಲ್ಯೂಪಿಎ2ನಲ್ಲಿ ಫೋನ್ ಸೇರುವಾಗ ನಡೆಯುವ ಮಾತುಕತೆಯನ್ನು ಯಾರಾದರೂ ಗಾಳಿಯಲ್ಲೇ ಹಿಡಿದುಕೊಂಡು, ಮನೆಗೆ ಹೋಗಿ, ಎಷ್ಟು ಬೇಕಾದರೂ ಊಹೆ ಹಾಕಿ ನೋಡಬಹುದು. ರೌಟರ್‌ಗೆ ಸುಳಿವೂ ಸಿಗುವುದಿಲ್ಲ. ಹಾಗಾಗಿ ಉದ್ದವೇ ರಕ್ಷಣೆ. ಡಬ್ಲ್ಯೂಪಿಎ3 ಬಂದದ್ದು 2018ರಲ್ಲಿ. ಅದರಲ್ಲಿ ಒಂದೊಂದು ಊಹೆಗೂ ರೌಟರ್ ಜೊತೆಗೇ ಮಾತಾಡಬೇಕು. ಅದನ್ನೇ ಇಟ್ಟೆ.

ಪ್ರಿಂಟರ್ ಸೇರಲಿಲ್ಲ. ಹಳೆಯದು, ಡಬ್ಲ್ಯೂಪಿಎ3 ಅದಕ್ಕೆ ಗೊತ್ತಿಲ್ಲ. ಒಂದು ಪ್ರಿಂಟರಿಗಾಗಿ ಇಡೀ ಮನೆಯದ್ದನ್ನು ಕೆಳಗಿಳಿಸಲು ಮನಸ್ಸಾಗಲಿಲ್ಲ. ರೌಟರ್ ಪಕ್ಕಕ್ಕೆ ತಂದು ಕೇಬಲ್ ಹಾಕಿದೆ. ಈಗ ಮೊದಲಿಗಿಂತ ಬೇಗ ಪ್ರಿಂಟ್ ಆಗುತ್ತದೆ.

ಮಂಗಳವಾರ

ಗೆಸ್ಟ್ ನೆಟ್‌ವರ್ಕ್ ಮಾಡಿ ಎರಡು ಬಲ್ಬ್, ಕ್ಯಾಮೆರಾ, ಟಿವಿ ಅಲ್ಲಿಗೆ ಕಳಿಸಿದೆ. ಅಲ್ಲಿರುವವರಿಗೆ ಇಂಟರ್ನೆಟ್ ಸಿಗುತ್ತದೆ, ಆದರೆ ನಮ್ಮ ಲ್ಯಾಪ್‌ಟಾಪ್ ಕಾಣುವುದಿಲ್ಲ. ಇವಕ್ಕೂ ಡಬ್ಲ್ಯೂಪಿಎ3 ಬರುವುದಿಲ್ಲ, ಹಾಗಾಗಿ ಅಲ್ಲಿ ಡಬ್ಲ್ಯೂಪಿಎ2, ಬೇರೆ ಪಾಸ್‌ವರ್ಡ್.

ಸಂಜೆ ಅಮ್ಮ ಕರೆದರು. "ಫೋನಿಂದ ಟಿವಿಗೆ ಹಾಡು ಹೋಗ್ತಾ ಇಲ್ವಲ್ಲೇ." ಟಿವಿ ಆ ಕಡೆ, ಫೋನ್ ಈ ಕಡೆ, ನಡುವೆ ನಾನೇ ಕಟ್ಟಿದ ಗೋಡೆ. ಟಿವಿಗೂ ಕೇಬಲ್ ಎಳೆದು ಒಳಗೇ ತಂದೆ. ಅದಕ್ಕೆ ಇನ್ನೂ ಅಪ್‌ಡೇಟ್ ಬರುತ್ತಿದೆ, ಅಮ್ಮನಿಗೆ ದಿನಾ ಬೇಕು. ಬಲ್ಬ್‌ಗಳನ್ನು ಗೆಸ್ಟ್‌ನಲ್ಲೇ ಬಿಟ್ಟೆ.

ಶುಕ್ರವಾರ

ಮೊಬೈಲ್ ಡೇಟಾದಿಂದ ಎನ್‌ಮ್ಯಾಪ್ ಅನ್ನುವ, ತೆರೆದ ಪೋರ್ಟ್ ಹುಡುಕುವ ಪ್ರೋಗ್ರಾಮ್ ಓಡಿಸಿ ನಮ್ಮ ವಿಳಾಸವನ್ನು ಹೊರಗಿನಿಂದ ತಟ್ಟಿ ನೋಡಿದೆ. ಪೋರ್ಟ್ 22, 23, 80, 443, 554, 7547, 8080. ಯಾವುದೂ ತೆರೆದಿಲ್ಲ.

ಪಟ್ಟಿಯಲ್ಲಿ ಈಗ ಹನ್ನೆರಡು ಸಾಲು. ಪ್ರತಿಯೊಂದಕ್ಕೂ ನಾನೇ ಹೆಸರು ಬರೆದಿದ್ದೇನೆ. ಅಪ್ಪನ ಫೋನ್, ಅಂಗಳದ ಬಲ್ಬ್, ಹೀಗೆ. ಫೋನ್‌ಗಳ ವಿಳಾಸ ಬದಲಾಗದಂತೆ ನಮ್ಮ ವೈಫೈಗೆ ಮಾತ್ರ ಆ ಕಲ್ಪಿತ ವಿಳಾಸದ ಆಯ್ಕೆ ತೆಗೆದಿದ್ದೇನೆ. ಹೊಸದು ಏನು ಬಂದರೂ ಹೆಸರಿಲ್ಲದೆ ಎದ್ದು ಕಾಣುತ್ತದೆ.

ಉಳಿದದ್ದು ಕ್ಯಾಮೆರಾ. ಅದರ ತಯಾರಕರ ಪುಟದಲ್ಲಿ ಈ ಮಾಡೆಲ್‌ಗೆ ಇನ್ನು ಅಪ್‌ಡೇಟ್ ಇಲ್ಲ ಅಂತ ಹಾಕಿದ್ದಾರೆ. ಬೇರೆ ಕ್ಯಾಮೆರಾ ನೋಡುತ್ತಿದ್ದೇನೆ. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಅಂತ ಬರೆದಿರುವುದು ಸಿಗುವ ತನಕ ಇದು ಗೆಸ್ಟ್‌ನಲ್ಲಿ, ನಾವೆಲ್ಲ ಮನೆಯಲ್ಲಿ ಇಲ್ಲದಾಗ ಮಾತ್ರ ಆನ್.